ಫ್ಯಾಂಟಮನಿಗೆ ಮದುವೆಯಾಯಿತು, ಹನುಮಪ್ಪನಿಗೆ?

ಶನಿವಾರ ಬಂತೆಂದರೆ ಕಾರಟಗಿಯಿಂದ ಗಂಗಾವತಿಗೆ ಹೊರಡುವ ಬಸ್ಸುಗಳಲ್ಲಿ ಅಂಜನಾದ್ರಿಗೆ ಹೋಗುವವರು ನಾಲ್ಕು ಮಂದಿಯಾದರೂ ಇದ್ದೇ ಇರುತ್ತಾರೆ. ಭತ್ತದ ಗದ್ದೆ, ಅಕ್ಕಿ ಗಿರಣಿಗಳನ್ನು ಹಿಂದೆ ಬಿಟ್ಟು, ಗಂಗಾವತಿಯಲ್ಲಿ ಬಸ್ಸು ಬದಲಿಸಿ, ಆನೆಗೊಂದಿ ಸೀಮೆಯ ಬಂಡೆಗಲ್ಲುಗಳ ನಡುವೆ ಇಳಿದರೆ ಎದುರಿಗೇ ಬೆಟ್ಟ. ಮೆಟ್ಟಿಲು 575. ಹನುಮಂತ ಹುಟ್ಟಿದ್ದು ಇಲ್ಲಿಯೇ ಎಂಬುದು ಈ ಭಾಗದವರ ನಂಬಿಕೆ. ಮಕ್ಕಳು ಮುಂದೆ ಓಡುತ್ತವೆ, ದೊಡ್ಡವರು ಏದುಸಿರು ಬಿಡುತ್ತ ಹಿಂದೆ ಬರುತ್ತಾರೆ. ಅರ್ಧ ದಾರಿಯಲ್ಲಿ ಕುಳಿತು ನೀರು ಕುಡಿಯುವಾಗಲೇ ಮಕ್ಕಳಿಗೆ ಪ್ರಶ್ನೆಗಳು ಹುಟ್ಟುವುದು.

"ಅಪ್ಪಾ, ಹನುಮಪ್ಪಗ ಮಕ್ಳು ಅದಾರೇನು?"

"ಇಲ್ಲಪ, ಅವ ಬ್ರಹ್ಮಚಾರಿ."

"ಮತ್ತ ಸೂಪರ್‌ಮ್ಯಾನ್‌ಗೆ ಮಗ ಅದಾನಲ್ಲ?"

ಹುಡುಗ ತಪ್ಪು ಹೇಳಿಲ್ಲ. ಸೂಪರ್‌ಮ್ಯಾನನಿಗೆ ಮಗ ಹುಟ್ಟಿ ಹತ್ತು ವರ್ಷ ದಾಟಿತು. ಬ್ಯಾಟ್‌ಮ್ಯಾನನಿಗೂ ಒಬ್ಬ ಮಗನಿದ್ದಾನೆ. ಸ್ಪೈಡರ್‌ಮ್ಯಾನನ ಮದುವೆ ಅದ್ದೂರಿಯಾಗಿ ನಡೆದು, ಇಪ್ಪತ್ತು ವರ್ಷದ ಮೇಲೆ ನಡೆದೇ ಇಲ್ಲವೆಂದು ಅಳಿಸಿಹೋಯಿತು. ಸಾಹಸಿಗಳು ಸಂಸಾರಿಗಳಾಗಬೇಕೆ ಬೇಡವೆ ಎಂಬ ಜಗಳ ಕಾಮಿಕ್ಸ್ ಓದುವವರ ನಡುವೆ ಬಹಳ ವರ್ಷಗಳಿಂದ ನಡೆದಿದೆ. ಬರಿಯ ಮಕ್ಕಳಾಟದ ಜಗಳ ಎಂದು ತಳ್ಳಿಹಾಕುವ ಮೊದಲು ನಮ್ಮ ಮನೆಗಳಿಗೆ ಮೊದಲು ಬಂದ ಸಾಹಸಿಯ ಕತೆಯನ್ನು ನೋಡಬೇಕು.

ಇಪ್ಪತ್ತೊಂದು ತಲೆಮಾರಿನ ಲೆಕ್ಕ

ಇಂದಿನ ವಿದ್ಯಾರ್ಥಿಗಳ ತಂದೆ ತಾಯಿಯರಲ್ಲಿ, ಅವರಿಗಿಂತ ಹಿರಿಯರಲ್ಲಿ, ಇಂದ್ರಜಾಲ ಕಾಮಿಕ್ಸ್ ನೆನಪಿಲ್ಲದವರು ಕಡಿಮೆ. 1964ರಲ್ಲಿ ಮುಂಬಯಿಯ ಟೈಮ್ಸ್ ಆಫ್ ಇಂಡಿಯಾ ಬಳಗ ಆರಂಭಿಸಿದ ಈ ಮಾಲಿಕೆ 1990ರವರೆಗೆ ನಡೆಯಿತು, ಕನ್ನಡದಲ್ಲೂ ಬಂತು. ಕಾರಟಗಿಗೆ ಆಗ ರೈಲು ಇರಲಿಲ್ಲ. ಹೊಸಪೇಟೆ ಕಡೆಗೆ ಹೋದವರು ನಿಲ್ದಾಣದ ಪುಸ್ತಕದಂಗಡಿಯಿಂದ ಒಂದು ಪ್ರತಿ ತಂದರೆ ಅದು ಓಣಿಯ ಹತ್ತು ಮನೆ ತಿರುಗಿ, ರಕ್ಷಾಪುಟ ಹರಿದು, ಕೊನೆಗೆ ಯಾರದೋ ಗೂಡಿನಲ್ಲಿ ಉಳಿಯುತ್ತಿತ್ತು. ಆ ಪುಸ್ತಕಗಳ ದೊರೆ ಫ್ಯಾಂಟಮ್. ಮುಖವಾಡ, ಮೈಗಂಟಿದ ಉಡುಪು, ತಲೆಬುರುಡೆಯ ಉಂಗುರ, ಡೆವಿಲ್ ಎಂಬ ತೋಳ, ಹೀರೋ ಎಂಬ ಬಿಳಿ ಕುದುರೆ. ಹಾರಲಾರ, ಗೋಡೆ ಹತ್ತಲಾರ, ಗುಂಡು ತಾಗಿದರೆ ಸಾಯುವವನೇ. ಆದರೂ ಡೆಂಕಾಲಿಯ ಕಾಡಿನ ಜನ ಅವನಿಗೆ ಸಾವಿಲ್ಲ ಎಂದು ನಂಬಿದ್ದರು.

ಗುಟ್ಟು ಇಷ್ಟೇ. ನಾನೂರು ವರ್ಷಗಳ ಹಿಂದೆ ಕಡಲುಗಳ್ಳರ ದಾಳಿಯಲ್ಲಿ ತಂದೆಯನ್ನು ಕಳೆದುಕೊಂಡು ದಡ ಸೇರಿದ ತರುಣನೊಬ್ಬ, ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಆಣೆ ಇಟ್ಟ: ತಾನೂ ತನ್ನ ಸಂತಾನವೂ ಅನ್ಯಾಯದ ವಿರುದ್ಧ ಹೋರಾಡುವುದೆಂದು. ಅವನು ಸತ್ತಾಗ ಮಗ ಅದೇ ಉಡುಪು ತೊಟ್ಟ. ಮಗನ ನಂತರ ಮೊಮ್ಮಗ. ಕಾಡಿನ ಜನರಿಗೆ ಕಂಡದ್ದು ಒಂದೇ ಮುಖವಾಡ. ಅಮೆರಿಕದ ಲೀ ಫಾಕ್ 1936ರ ಫೆಬ್ರವರಿ 17ರಂದು ದಿನಪತ್ರಿಕೆಗಳಲ್ಲಿ ಆರಂಭಿಸಿದ ಕತೆಯ ನಾಯಕ ಈ ಸಾಲಿನ 21ನೆಯವನು.

ಎಂದರೆ, ಮದುವೆಯಾಗಿ ಮಕ್ಕಳಾಗದಿದ್ದರೆ ಕತೆಯೇ ಇಲ್ಲದ ಸಾಹಸಿ ಇವನು. ಬೇರೆಯವರಿಗೆ ಸಂಸಾರ ತೊಡಕು, ಇವನಿಗೆ ಸಂಸಾರವೇ ಅಮರತ್ವ. ಇಷ್ಟಾಗಿಯೂ ಲೀ ಫಾಕ್ ಅವನನ್ನೂ ಡಯಾನಾ ಪಾಮರ್‌ಳನ್ನೂ 41 ವರ್ಷ ಕಾಯಿಸಿದರು. ಮದುವೆ ನಡೆದದ್ದು 1977ರಲ್ಲಿ. 1979ರಲ್ಲಿ ಅವಳಿ ಮಕ್ಕಳು: ಗಂಡು ಕಿಟ್, ಹೆಣ್ಣು ಹೆಲೋಯಿಸ್. ಓದುಗರು ಕತೆ ಮುಗಿಯಿತೆಂದು ಕೈಬಿಡಲಿಲ್ಲ. ಮಗು ತೊಟ್ಟಿಲಲ್ಲಿದೆ, ಅಪ್ಪ ಹೊರಗೆ ಹೋಗಿದ್ದಾನೆ ಎಂದಾಗ ಪ್ರತಿಯೊಂದು ಅಪಾಯಕ್ಕೂ ಹೊಸ ತೂಕ ಬಂತು. ಇದೇ ಲೀ ಫಾಕ್ 1934ರಲ್ಲಿ ಸೃಷ್ಟಿಸಿದ ಜಾದೂಗಾರ ಮಾಂಡ್ರೇಕ್ ಮಾತ್ರ ನಾರ್ಡಾಳ ಕೈ ಹಿಡಿದದ್ದು 1997ರಲ್ಲಿ. ಅರವತ್ತಮೂರು ವರ್ಷದ ನಿಶ್ಚಿತಾರ್ಥ! ನಮ್ಮ ಕಡೆಯ ಬೀಗರಾಗಿದ್ದರೆ ಎಂದೋ ಬೇರೆ ಗಂಡು ನೋಡುತ್ತಿದ್ದರು.

ಫ್ಯಾಂಟಮನ ವಂಶ ಗಣಿತದ ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ. 400 ವರ್ಷದಲ್ಲಿ 21 ಜನ ಎಂದರೆ ನಡುವೆ 20 ತಲೆಮಾರಿನ ಅಂತರ. ತಲೆಮಾರಿಗೆ ಸರಾಸರಿ 20 ವರ್ಷ. ಇಪ್ಪತ್ತಕ್ಕೆಲ್ಲ ಪ್ರತಿಯೊಬ್ಬನೂ ತಂದೆಯಾಗಿರಬೇಕು. ವರನಿಗೆ 21 ತುಂಬಿರಬೇಕೆನ್ನುವ ನಮ್ಮ ಕಾಯಿದೆಯ ಕಣ್ಣಿಗೆ ಬಿದ್ದರೆ ಈ ವಂಶದ ಬಹುಪಾಲು ಮದುವೆಗಳು ಮಂಟಪದಲ್ಲೇ ನಿಲ್ಲುತ್ತಿದ್ದವು.

ಇನ್ನು ಗಂಡು ಮಗುವೇ ಆಗಬೇಕೆಂಬ ನಿಯಮ. ಪ್ರತಿಯೊಬ್ಬನಿಗೂ ಒಂದೇ ಮಗು ಎಂದುಕೊಂಡರೆ ಇಪ್ಪತ್ತು ಸಲವೂ ಗಂಡೇ ಹುಟ್ಟುವ ಸಂಭವ 2ರ 20ನೆಯ ಘಾತದಲ್ಲಿ ಒಂದು. ಎಂದರೆ 10,48,576ರಲ್ಲಿ ಒಂದು. ಪ್ರತಿ ತಲೆಮಾರಿನಲ್ಲೂ ಐದೈದು ಮಕ್ಕಳಾದರೆ? ಐದೂ ಹೆಣ್ಣಾಗುವ ಸಂಭವ 32ರಲ್ಲಿ ಒಂದು. ಇಪ್ಪತ್ತು ತಲೆಮಾರಿಗೆ ಇದನ್ನು ಗುಣಿಸಿ ನೋಡಿದರೆ ಸರಪಳಿ ತುಂಡಾಗದೆ ಉಳಿಯುವ ಸಂಭವ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಕಾಡಿನ ಜ್ವರ, ಹಾವು, ಬಾಣಂತಿ ಸಾವು ಇದರಲ್ಲಿ ಸೇರಿಲ್ಲ. ಹೆಣ್ಣು ಮಕ್ಕಳೂ ಉಡುಪು ತೊಡಬಹುದೆಂದರೆ ಒಂದೇ ಮಗು ಸಾಕು, ಲೆಕ್ಕ ಸಲೀಸು. ಲೀ ಫಾಕ್‌ಗೆ ಇದು ಹೊಳೆಯದೆ ಇರಲಿಲ್ಲ. 17ನೆಯ ಫ್ಯಾಂಟಮ್ ಕೆಲಸ ಮಾಡಲಾಗದೆ ಬಿದ್ದಿದ್ದಾಗ ಅವನ ತಂಗಿ ಜೂಲಿ ಮುಖವಾಡ ಹಾಕಿ ಹೊರಟ ಕತೆಯನ್ನು ಅವರು ಬರೆದಿದ್ದಾರೆ. ಆದರೆ ಅಣ್ಣ ಎದ್ದು ನಿಂತ ಮೇಲೆ ಅವಳು ಉಡುಪು ಕಳಚಬೇಕಾಯಿತು. ಇದು ಹಲವು ಮನೆಗಳಲ್ಲಿ ನೋಡುವ ಸಂಗತಿಯೇ.

ರಕ್ತದ ಮಾತಿಗೆ ಬಂದರೆ ಇನ್ನೂ ಸೋಜಿಗ. ತಂದೆಯಿಂದ ಮಗನಿಗೆ ಹೆಚ್ಚೇನೂ ಬದಲಾಗದೆ ಸಾಗುವುದು ವೈ ವರ್ಣತಂತು ಒಂದೇ. ಉಳಿದ ವಂಶವಾಹಿಗಳು ಪ್ರತಿ ತಲೆಮಾರಿಗೂ ಅರ್ಧರ್ಧವಾಗುತ್ತ ಹೋಗುತ್ತವೆ. ಇಪ್ಪತ್ತು ಸಲ ಅರ್ಧ ಮಾಡಿದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಅಷ್ಟು ಸಣ್ಣ ಚೂರುಗಳಾಗಿ ವಂಶವಾಹಿಗಳು ಹಂಚಿಕೆಯಾಗುವುದಿಲ್ಲವಾದ್ದರಿಂದ, ವೈ ಒಂದನ್ನು ಬಿಟ್ಟರೆ, ಮೊದಲ ಫ್ಯಾಂಟಮನದು ಎನ್ನುವಂಥದ್ದು ಇಪ್ಪತ್ತೊಂದನೆಯವನ ಮೈಯಲ್ಲಿ ಬಹುಶಃ ಏನೂ ಉಳಿದಿರಲಾರದು. ಅವನಿಗೆ ಬಂದದ್ದು ಆಣೆ, ಉಂಗುರ, ಅಪ್ಪ ಕೂಡಿಸಿಕೊಂಡು ಕಲಿಸಿದ ಮಲ್ಲಯುದ್ಧ, ಗವಿಯಲ್ಲಿ ಪೂರ್ವಿಕರು ಬರೆದಿಟ್ಟ ದಿನಚರಿ ಪುಸ್ತಕಗಳು.

ನಿಂತ ಗಡಿಯಾರ

ಇನ್ನು ಮದುವೆ ಬೇಡ ಎನ್ನುವವರ ವಾದ. ಅದರಲ್ಲಿ ಒಂದು ಗಟ್ಟಿ ಮಾತಿದೆ: ಸಾಹಸಿಯನ್ನು ಮುಟ್ಟಲಾಗದ ವೈರಿ ಅವನ ಹೆಂಡತಿ ಮಕ್ಕಳನ್ನು ಮುಟ್ಟುತ್ತಾನೆ. 1973ರಲ್ಲಿ ಸ್ಪೈಡರ್‌ಮ್ಯಾನನ ಪ್ರೇಯಸಿ ಗ್ವೆನ್ ಸ್ಟೇಸಿ ಸತ್ತದ್ದು ಹೀಗೆಯೇ. ವೈರಿ ಅವಳನ್ನು ಸೇತುವೆಯ ಮೇಲಿನಿಂದ ಕೆಳಕ್ಕೆ ತಳ್ಳಿದ. ಸ್ಪೈಡರ್‌ಮ್ಯಾನ್ ಬಲೆಯ ಎಳೆ ಎಸೆದು ಕಾಲಿಗೆ ಸಿಕ್ಕಿಸಿ ತಡೆದ. ಎಳೆ ಗಟ್ಟಿಯಾಗಿತ್ತು, ಗುರಿ ತಪ್ಪಲಿಲ್ಲ, ಆದರೂ ಅವಳು ಉಳಿಯಲಿಲ್ಲ. ವೇಗವಾಗಿ ಬೀಳುವ ದೇಹವನ್ನು ಕ್ಷಣದೊಳಗೆ ನಿಲ್ಲಿಸಿದರೆ ಅದರ ಮೇಲೆ ಬೀಳುವ ಬಲ ಅಪಾರ. ಸಂವೇಗದ ಬದಲಾವಣೆ ಅಷ್ಟೇ, ಅವಧಿ ಕಡಿಮೆಯಾದಷ್ಟೂ ಬಲ ಹೆಚ್ಚು. ಕ್ರಿಕೆಟ್ಟಿನಲ್ಲಿ ಕ್ಯಾಚ್ ಹಿಡಿಯುವ ಹುಡುಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದು, ಅಕ್ಕಿಯ ಚೀಲ ಹೊರುವ ಹಮಾಲ ಮಂಡಿ ಬಗ್ಗಿಸಿ ಭಾರ ತೆಗೆದುಕೊಳ್ಳುವುದು ಇದೇ ಕಾರಣಕ್ಕೆ. ಭೌತವಿಜ್ಞಾನದ ಒಂದು ಪಾಠವನ್ನು ಇಷ್ಟು ಸಂಕಟದಿಂದ ಹೇಳಿದ ಕಾಮಿಕ್ಸ್ ಇನ್ನೊಂದಿಲ್ಲ.

ಆದರೆ ಅಪಾಯವಿದೆ ಎಂದು ಮದುವೆ ಬೇಡ ಎನ್ನುವುದಾದರೆ ಮಳೆಗಾಲದ ರಾತ್ರಿ ಕಂಬ ಹತ್ತುವ ಲೈನ್‌ಮನ್ ಮದುವೆಯಾಗುವಂತಿಲ್ಲ. ಅಕ್ಕಿ ಲೋಡು ಹೊತ್ತು ಘಟ್ಟ ಇಳಿಯುವ ಲಾರಿ ಚಾಲಕನಿಗೆ ಹೆಣ್ಣು ಕೊಡುವಂತಿಲ್ಲ. ಗಡಿಯಲ್ಲಿರುವ ಸಿಪಾಯಿಯ ಮಾತಂತೂ ಬೇಡ. ಇವರೆಲ್ಲ ಸಂಸಾರ ಹೂಡಿದ್ದಾರೆ. ಮದುವೆ ಬೇಡವೆಂದವರು ತೊಡಕಿನಿಂದ ಪಾರಾದರೆಂದೂ ಇಲ್ಲ. ಆಜನ್ಮ ಬ್ರಹ್ಮಚರ್ಯದ ಪ್ರತಿಜ್ಞೆ ಮಾಡಿದ ಭೀಷ್ಮ ತಮ್ಮನ ಮದುವೆಗೆ ಹೆಣ್ಣು ತರಲು ಹೋಗಿ ಅಂಬೆಯ ಸಿಟ್ಟನ್ನು ತಲೆಗೆ ಕಟ್ಟಿಕೊಂಡದ್ದು ಎಲ್ಲರಿಗೂ ಗೊತ್ತು.

ನಿಜವಾದ ಕಾರಣ ಬೇರೆ ಕಡೆ ಇದೆ. ಇಟಲಿಯ ವಿದ್ವಾಂಸ ಉಂಬರ್ತೋ ಎಕೋ 1962ರಲ್ಲೇ ಸೂಪರ್‌ಮ್ಯಾನನ ಬಗ್ಗೆ ಬರೆದ ಪ್ರಬಂಧದಲ್ಲಿ ಇದರ ಮೇಲೆ ಬೆರಳಿಟ್ಟಿದ್ದರು. ಮದುವೆ ಎಂಬುದು ಹಿಂತೆಗೆಯಲಾಗದ ಒಂದು ಹೆಜ್ಜೆ. ಅದನ್ನಿಟ್ಟವನಿಗೆ ನಿನ್ನೆ ಬೇರೆ, ನಾಳೆ ಬೇರೆ. ಅವನು ಸಾವಿನತ್ತ ಒಂದು ಹೆಜ್ಜೆ ನಡೆದಂತೆ. ವಾರ ವಾರ ಮಾರಾಟವಾಗಬೇಕಾದ ಸಾಹಸಿಗೆ ವಯಸ್ಸಾಗುವಂತಿಲ್ಲ. ಆದ್ದರಿಂದ ಅವನ ಗಡಿಯಾರವನ್ನು ನಿಲ್ಲಿಸಿಡಬೇಕು. 1938ರಲ್ಲಿ ಹುಟ್ಟಿದ ಸೂಪರ್‌ಮ್ಯಾನ್ ಲೋಯಿಸ್ ಲೇನಳನ್ನು ಮದುವೆಯಾಗಿದ್ದು 1996ರಲ್ಲಿ. ದಶಕಗಳ ಕಾಲ ಅವಳಿಗೆ ಕನ್ನಡಕದ ಹಿಂದಿನ ಮುಖವನ್ನು ಗುರುತಿಸಲು ಬಿಡದೆ ಕತೆಗಾರರು ಸತಾಯಿಸಿದರು. ಮದುವೆಯಾದ ಮೇಲೂ ನೆಮ್ಮದಿ ಕೊಡಲಿಲ್ಲ. 2011ರಲ್ಲಿ ಪ್ರಕಾಶಕರು ಎಲ್ಲ ಕತೆಗಳನ್ನೂ ಮೊದಲಿನಿಂದ ಆರಂಭಿಸಿದಾಗ ಮದುವೆ ಮಾಯ. ಓದುಗರ ಬೇಸರ ಕಂಡು ಕೆಲವು ವರ್ಷದ ಮೇಲೆ ಮತ್ತೆ ದಂಪತಿ.

ಸ್ಪೈಡರ್‌ಮ್ಯಾನನ ಗತಿ ಇನ್ನೂ ಕೆಟ್ಟದ್ದು. 1987ರಲ್ಲಿ ಮೇರಿ ಜೇನ್‌ಳೊಡನೆ ಮದುವೆಯಾದಾಗ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ವೇಷಧಾರಿಗಳನ್ನಿಟ್ಟು, ಕತೆಗಾರ ಸ್ಟಾನ್ ಲೀ ಅವರೇ ಪುರೋಹಿತರಾಗಿ ನಿಂತು ಅಣಕು ಮದುವೆ ನಡೆಸಿದ್ದರು. ಇಪ್ಪತ್ತು ವರ್ಷ ಆ ಸಂಸಾರ ನಡೆಯಿತು. ಬಾಡಿಗೆ ಕಟ್ಟಲಾಗದ ತಿಂಗಳುಗಳು, ಸಣ್ಣಪುಟ್ಟ ಜಗಳ, ಕಿಟಕಿಯ ಬಳಿ ಕಾಯುವ ಹೆಂಡತಿ. 2007ರಲ್ಲಿ ಸಂಪಾದಕರಿಗೆ ನಾಯಕ ಮುದುಕನಾದಂತೆ ಕಂಡ. ಸಾಯುತ್ತಿರುವ ಸಾಕುತಾಯಿ ಮೇ ಚಿಕ್ಕಮ್ಮನನ್ನು ಉಳಿಸಲು ಅವನು ಮೆಫಿಸ್ಟೋ ಎಂಬ ಪಿಶಾಚಿಯೊಡನೆ ಒಪ್ಪಂದ ಮಾಡಿಕೊಂಡು, ಬೆಲೆಯಾಗಿ ತನ್ನ ಮದುವೆಯನ್ನೇ ಕೊಟ್ಟುಬಿಟ್ಟ. ಲೋಕಕ್ಕೆ ಆ ಮದುವೆಯ ನೆನಪೂ ಉಳಿಯಲಿಲ್ಲ. ಅಂಗಡಿಯ ಖಾತೆಯಲ್ಲಿ ಹೊಂದದ ಬಾಕಿಯನ್ನು ರಬ್ಬರಿನಿಂದ ಅಳಿಸಿದ ಹಾಗೆ ಆಯಿತು ಇದು. ಜವಾಬ್ದಾರಿಯ ಮಾತನ್ನೇ ಮಂತ್ರವಾಗಿಸಿಕೊಂಡ ನಾಯಕ ತನ್ನ ಅತಿದೊಡ್ಡ ಜವಾಬ್ದಾರಿಯನ್ನು ಪಿಶಾಚಿಗೆ ಒಪ್ಪಿಸಿದ್ದನ್ನು ಹಳೆಯ ಓದುಗರು ಇವತ್ತಿಗೂ ಕ್ಷಮಿಸಿಲ್ಲ. ಅವರು ಅವನ ಜೊತೆಗೇ ಬೆಳೆದಿದ್ದರು. ಅವನ ಮದುವೆಯ ವರ್ಷ ತಾವೂ ಮದುವೆಯಾಗಿ, ಆಗ ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದರು.

ಭಾರತದ ಸಾಹಸಿಗಳ ವಿಷಯ ಹೇಳುವುದಾದರೆ, ಇಂದ್ರಜಾಲದಲ್ಲೇ 1976ರಿಂದ ಬಂದ ಆಬಿದ್ ಸುರತಿಯವರ ಬಹಾದುರನ ಪಕ್ಕದಲ್ಲಿ ಬೇಲಾ ಸದಾ ಇದ್ದಳು, ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ. 1997ರಿಂದ ದೂರದರ್ಶನದಲ್ಲಿ ಬಂದು ಭಾನುವಾರಗಳನ್ನು ಕೊಳ್ಳೆ ಹೊಡೆದ ಶಕ್ತಿಮಾನನಿಗೆ ಯೋಗಿಯ ನಿಯಮ ಅಡ್ಡ ಬಂತು. ವರದಿಗಾರ್ತಿ ಗೀತಾ ವಿಶ್ವಾಸ್ ಕಾದದ್ದೇ ಬಂತು. ಬಾಲಮಂಗಳದ ಡಿಂಗನಂತೂ ಇಲಿ. ಅವನಿಗೆ ಸಂಸಾರದ ಚಿಂತೆಯನ್ನು ಹಚ್ಚುವಷ್ಟು ನಿರ್ದಯರು ಯಾರೂ ಇರಲಿಲ್ಲ.

ಶಕ್ತಿ ಮಕ್ಕಳಿಗೆ ಬರುತ್ತದೆಯೆ?

ಡಿಂಗನಿಗೆ ಅನ್ಯಗ್ರಹದವರು ಶಕ್ತಿ ಕೊಟ್ಟರು, ಸ್ಪೈಡರ್‌ಮ್ಯಾನನಿಗೆ ವಿಕಿರಣ ತಾಗಿದ ಜೇಡ ಕಚ್ಚಿತು. ಇವರ ಮಕ್ಕಳೂ ಹಾರುತ್ತವೆಯೇ, ಗೋಡೆ ಹತ್ತುತ್ತವೆಯೇ? ಕಾಮಿಕ್ಸಿನವರು ಹೌದೆನ್ನುತ್ತಾರೆ. 1998ರಲ್ಲಿ ಬಂದ ಪರ್ಯಾಯ ಕತೆಯೊಂದರಲ್ಲಿ ಸ್ಪೈಡರ್‌ಮ್ಯಾನನ ಮಗಳು ಮೇ ಅಪ್ಪನ ಶಕ್ತಿಯನ್ನು ಪಡೆದು ಸ್ಪೈಡರ್‌ಗರ್ಲ್ ಆದಳು. ವಿಜ್ಞಾನ ಇಲ್ಲಿ ತಲೆ ಅಲ್ಲಾಡಿಸುತ್ತದೆ. ಜರ್ಮನಿಯ ಜೀವವಿಜ್ಞಾನಿ ಆಗಸ್ಟ್ ವೈಸ್‌ಮನ್ 1880ರ ದಶಕದಲ್ಲಿ ಇಲಿಗಳ ಬಾಲ ಕತ್ತರಿಸಿ, ಅವುಗಳ ಮರಿಗಳ ಬಾಲವನ್ನೂ ಕತ್ತರಿಸಿ, ಐದು ತಲೆಮಾರು ನೋಡಿದ. ಹುಟ್ಟಿದ ಒಂಬೈನೂರಕ್ಕೂ ಹೆಚ್ಚು ಮರಿಗಳಲ್ಲಿ ಒಂದಕ್ಕೂ ಬಾಲವಿಲ್ಲದೆ ಇರಲಿಲ್ಲ. ಬದುಕಿನಲ್ಲಿ ಮೈಗೆ ಆದ ಬದಲಾವಣೆ ಸಂತಾನಕ್ಕೆ ದಾಟುವುದಿಲ್ಲ. ಕಮ್ಮಾರನ ರಟ್ಟೆ ಮಗನಿಗೆ ಹುಟ್ಟಿನಿಂದ ಬರುವುದಿಲ್ಲ, ತಿದಿ ಒತ್ತಿ ಸುತ್ತಿಗೆ ಎತ್ತಿಯೇ ಬರಬೇಕು. ಹಾಗೆಯೇ ಡಿಂಗನ ಮರಿಗಳು ಬರಿಯ ಇಲಿಮರಿಗಳಾಗುತ್ತಿದ್ದವು.

ವಿಕಿರಣದ ವಿಷಯದಲ್ಲಿ ಒಂದು ತಿದ್ದುಪಡಿ ಬೇಕು. ಅದು ವಂಶವಾಹಿಯನ್ನು ಬದಲಿಸಬಲ್ಲದು. 1927ರಲ್ಲಿ ಹರ್ಮನ್ ಮುಲ್ಲರ್ ಹಣ್ಣುನೊಣಗಳಿಗೆ ಎಕ್ಸ್ ಕಿರಣ ಹಾಯಿಸಿ ಇದನ್ನು ತೋರಿಸಿದರು. 1946ರಲ್ಲಿ ಅದಕ್ಕೆ ನೊಬೆಲ್ ಬಂತು. ಆದರೆ ಬದಲಾವಣೆ ಸಂತಾನಕ್ಕೆ ಹೋಗಬೇಕಾದರೆ ಅದು ವೀರ್ಯಾಣು ಅಥವಾ ಅಂಡಾಣುವಿನ ಕೋಶದಲ್ಲೇ ಆಗಿರಬೇಕು. ಅಂಥ ಬದಲಾವಣೆಗಳಲ್ಲಿ ಹೆಚ್ಚಿನವು ನಿರುಪಯುಕ್ತ ಅಥವಾ ಹಾನಿಕರ. 1965ರಲ್ಲಿ ಮದುವೆಯಾದ ಫೆಂಟಾಸ್ಟಿಕ್ ಫೋರ್ ಬಳಗದ ರೀಡ್ ಮತ್ತು ಸ್ಯೂ ದಂಪತಿಯ ಕತೆಗಾರರು ಈ ಭಯವನ್ನು ಮರೆಯಲಿಲ್ಲ. ಇಬ್ಬರಿಗೂ ಬಾಹ್ಯಾಕಾಶದ ಕಿರಣಗಳು ತಾಗಿದ್ದವು. 1968ರಲ್ಲಿ ಅವರ ಮಗ ಫ್ರಾಂಕ್ಲಿನ್ ಹುಟ್ಟುವ ಹೊತ್ತಿಗೆ ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು ಬಂದು, ತಂದೆ ಔಷಧಿ ಹುಡುಕಿ ಓಡಬೇಕಾಯಿತು. ಹೆರಿಗೆ ಕೋಣೆಯ ಹೊರಗೆ ನಿಂತ ಯಾವ ಗಂಡಸಿಗೂ ಅರ್ಥವಾಗುವ ಕತೆ ಇದು.

ಸೂಪರ್‌ಮ್ಯಾನನದು ಬೇರೆಯೇ ತಕರಾರು. ಅವನು ಕ್ರಿಪ್ಟಾನ್ ಗ್ರಹದವನು. ಕುದುರೆಗೆ 64 ವರ್ಣತಂತು, ಕತ್ತೆಗೆ 62. ಇವೆರಡರ ಸಂತಾನವಾದ ಹೇಸರಗತ್ತೆಗೆ 63; ಜೋಡಿ ಕೂಡದ ಕಾರಣ ಅದಕ್ಕೆ ಸಾಮಾನ್ಯವಾಗಿ ಮರಿಯಾಗುವುದಿಲ್ಲ. ಒಂದೇ ಭೂಮಿಯ ಮೇಲೆ, ಒಂದೇ ಪೂರ್ವಜನಿಂದ ಬಂದ ದಾಯಾದಿಗಳ ಪಾಡು ಇದು. ಭತ್ತವೂ ಜೋಳವೂ ಹುಲ್ಲಿನ ಜಾತಿಯವೇ ಆದರೂ ಪಕ್ಕದ ಹೊಲದ ಜೋಳದ ಪರಾಗ ಬಿದ್ದು ಭತ್ತ ಕೆಟ್ಟಿತೆಂದು ಕಾರಟಗಿಯ ಯಾವ ರೈತನೂ ದೂರಿದ್ದಿಲ್ಲ. ಹೀಗಿರುವಾಗ ಬೇರೆ ಸೂರ್ಯನ ಬೇರೆ ಗ್ರಹದ ಜೀವಿಗೂ ಲೋಯಿಸ್‌ಳಿಗೂ ಮಗುವಾಗುವುದು ನಂಬಲು ಕಷ್ಟ. ಆದರೂ 2015ರಲ್ಲಿ ಆಯಿತು. ಹೆಸರು ಜೊನಾಥನ್.

ಆ ಮಗು ಹುಟ್ಟಿದ್ದು ಸೂಪರ್‌ಮ್ಯಾನನ ಕತೆಗೆ ಒಳ್ಳೆಯದೇ ಮಾಡಿತು. ಬೆಟ್ಟ ಎತ್ತುವವನು ಹೊಲದ ಮನೆಯಲ್ಲಿ ಕುಳಿತು ಮಗನಿಗೆ ಬಲವನ್ನು ಹಿಡಿದಿಟ್ಟುಕೊಳ್ಳುವುದನ್ನು ಕಲಿಸುತ್ತಾನೆ. ಹೊಡೆಯುವುದು ಸುಲಭ, ಹೊಡೆಯದಿರುವುದು ಕಷ್ಟ ಎಂದು ಹೇಳುವಾಗ ಸ್ವತಃ ತಡವರಿಸುತ್ತಾನೆ. ಆಮೇಲೆ 2018ರಲ್ಲಿ ಅಜ್ಜ ಮೊಮ್ಮಗನನ್ನು ಲೋಕ ತೋರಿಸುತ್ತೇನೆಂದು ಬಾಹ್ಯಾಕಾಶಕ್ಕೆ ಕರೆದೊಯ್ದ. ಹೋಗುವಾಗ ಹುಡುಗನಿಗೆ ಹತ್ತು ಹನ್ನೊಂದು ವಯಸ್ಸು. ಮನೆಯಲ್ಲಿದ್ದವರ ಲೆಕ್ಕಕ್ಕೆ ಕೆಲವೇ ವಾರ ಕಳೆದಿತ್ತು. ತಿರುಗಿ ಬಂದಾಗ ಅವನು ಹದಿನೇಳರ ತರುಣ. ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಅತಿವೇಗದಲ್ಲಿ ಪಯಣಿಸಿದವನ ಕಾಲವೇ ನಿಧಾನವಾಗಬೇಕು, ಇಲ್ಲಿ ತಿರುವುಮುರುವಾಗಿದೆ. ಹೋಗಲಿ ಬಿಡಿ. ಬಾಗಿಲಲ್ಲಿ ನಿಂತ ಮಗನನ್ನು ತಾಯಿ ನೋಡುವ ಆ ಪುಟದ ಮುಂದೆ ಲೆಕ್ಕ ನೆನಪಾಗುವುದಿಲ್ಲ. ಕುಕನೂರಿನ ನವೋದಯಕ್ಕೋ ಮೊರಾರ್ಜಿ ವಸತಿ ಶಾಲೆಗೋ ಆರನೆಯ ತರಗತಿಗೆ ಮಗುವನ್ನು ಸೇರಿಸಿ, ಟ್ರಂಕಿಗೆ ಹೆಸರು ಬರೆಸಿ ಬಿಟ್ಟು ಬಂದ ತಂದೆ ತಾಯಿಗೆ ಆ ಹುಡುಗ ಎಲ್ಲಿಗೆ ಹೋಗಿದ್ದ ಎಂದು ಬಿಡಿಸಿ ಹೇಳಬೇಕಿಲ್ಲ.

ಪಾತಾಳದ ಬಾಗಿಲಲ್ಲಿ

ಅಮೆರಿಕದ ಕತೆಗಾರರು ಎಂಬತ್ತು ವರ್ಷ ತೆಗೆದುಕೊಂಡು ಮುಟ್ಟಿದ ಜಾಗವನ್ನು ನಮ್ಮ ಕತೆಗಾರರು ಬಹಳ ಹಿಂದೆಯೇ ಮುಟ್ಟಿದ್ದರು. ಸಾಹಸಿ ಊರೂರು ತಿರುಗುತ್ತಾನೆ. ಅವನ ಮಕ್ಕಳು ತಾಯಿಯ ಹತ್ತಿರ ಬೆಳೆಯುತ್ತವೆ. ಭೀಮ ಹಿಡಿಂಬೆಯನ್ನೂ ಘಟೋತ್ಕಚನನ್ನೂ ಕಾಡಿನಲ್ಲಿ ಬಿಟ್ಟು ನಡೆದ. ಮತ್ತೆ ನೆನಪಾದದ್ದು ನೆರವು ಬೇಕಾದಾಗ. ಅರ್ಜುನನ ಮಗ ಬಭ್ರುವಾಹನ ಅಶ್ವಮೇಧದ ಕುದುರೆಯ ಹಿಂದೆ ಬಂದ ತಂದೆಯ ಮೇಲೆಯೇ ಬಾಣ ಹೂಡಬೇಕಾಯಿತು. ಲಕ್ಷ್ಮೀಶನ ಜೈಮಿನಿ ಭಾರತ ಓದಿದವರಿಗೂ, 1977ರಲ್ಲಿ ತೆರೆಗೆ ಬಂದ ಚಿತ್ರದಲ್ಲಿ ರಾಜಕುಮಾರ್ ಅವರೇ ತಂದೆಯೂ ಮಗನೂ ಆಗಿ ಎದುರುಬದುರಾಗಿ ನಿಂತದ್ದನ್ನು ನೋಡಿದವರಿಗೂ ಆ ಪ್ರಸಂಗ ಮರೆಯದು. ಲವಕುಶರೂ ರಾಮನ ಕುದುರೆಯನ್ನೇ ಕಟ್ಟಿದರು. ಮಗ ತಂದೆಯನ್ನು ಮೊದಲು ಕಾಣುವುದೇ ಎದುರಾಳಿಯಾಗಿ.

ಹನುಮನಿಗೂ ಇದು ತಪ್ಪಲಿಲ್ಲ. ಬೆಟ್ಟದ ಮೆಟ್ಟಿಲ ಮೇಲೆ ತಂದೆ ಕೊಟ್ಟ ಉತ್ತರ ಅರ್ಧ ಮಾತ್ರ ಸರಿ. ಬ್ರಹ್ಮಚಾರಿಯ ವ್ರತವನ್ನು ಮುರಿಯದೆ ಅವನಿಗೊಂದು ಸಂಸಾರ ಕೊಡಲು ದೇಶದೇಶದ ಕತೆಗಾರರು ಪಟ್ಟ ಪಾಡು ದೊಡ್ಡದು. ತೆಲುಗು ನಾಡಿನ ಕೆಲವು ಕಡೆ ಸೂರ್ಯನ ಮಗಳು ಸುವರ್ಚಲೆಯನ್ನು ಅವನ ಮಡದಿಯೆಂದು ಪೂಜಿಸುತ್ತಾರೆ. ಮದುವೆಯಾದರೂ ಬ್ರಹ್ಮಚರ್ಯ ಉಳಿಯಿತೆನ್ನುತ್ತಾರೆ. ಜೈನರ ರಾಮಾಯಣಗಳಲ್ಲಿ ಹನುಮ ಕಪಿಯಲ್ಲ, ವಿದ್ಯಾಧರ ಕುಲದ ರಾಜಕುಮಾರ. ಮದುವೆಗಳಾದವನು, ಕೊನೆಗೆ ಎಲ್ಲ ಬಿಟ್ಟು ದೀಕ್ಷೆ ತೆಗೆದುಕೊಂಡವನು. ಇಂದಿನ ಕೊಪ್ಪಳ ಒಂದು ಕಾಲಕ್ಕೆ ಜೈನರ ಮಹಾತೀರ್ಥ ಕೊಪಣವಾಗಿತ್ತೆಂಬುದನ್ನು ನೆನೆದರೆ ಈ ಹನುಮನೂ ನಮ್ಮ ಸೀಮೆಗೆ ಅಪರಿಚಿತನಲ್ಲ. ದೂರದ ಥಾಯ್ಲೆಂಡಿನ ರಾಮಕಥೆಯಲ್ಲಂತೂ ಅವನು ಸುವನ್ನಮಚ್ಛಾ ಎಂಬ ಮತ್ಸ್ಯಕನ್ಯೆಯನ್ನು ಪ್ರೀತಿಸಿ ಮಚ್ಛಾನು ಎಂಬ ಮಗನನ್ನು ಪಡೆಯುತ್ತಾನೆ.

ಹೆಚ್ಚು ಹೆಸರಾದದ್ದು ಮಕರಧ್ವಜನ ಕತೆ. ಲಂಕೆಯನ್ನು ಸುಟ್ಟು ಬಾಲದ ಬೆಂಕಿ ಆರಿಸಲು ಹನುಮ ಕಡಲಿಗೆ ಬಂದಾಗ ಬೆವರಿನ ಒಂದು ಹನಿ ನೀರಿಗೆ ಬಿತ್ತು. ಮೀನೊಂದು ಅದನ್ನು ನುಂಗಿ ಗರ್ಭ ಧರಿಸಿತು. ಬೆವರಿನಲ್ಲಿರುವುದು ನೀರು, ಉಪ್ಪು, ಇನ್ನಷ್ಟು ಚಿಲ್ಲರೆ. ಅದರಲ್ಲಿ ಸಂತಾನದ ಬೀಜವಿಲ್ಲವೆಂದು ಎಂಟನೆಯ ತರಗತಿಯ ಹುಡುಗನೂ ಹೇಳಿಯಾನು. ಕತೆ ಕಟ್ಟಿದವನಿಗೆ ಬೇಕಾಗಿದ್ದು ಅದೇ. ವ್ರತ ಕೆಡಬಾರದು, ಮಗ ಹುಟ್ಟಬೇಕು, ತಂದೆಗೆ ಗೊತ್ತಾಗಬಾರದು. ಮೂರಕ್ಕೂ ಒಂದು ಹನಿ ಬೆವರು ಸಾಕಾಯಿತು. ದುಡಿದ ಮೈಯ ಬೆವರು ಎಂಬುದನ್ನೂ ಗಮನಿಸಬೇಕು.

ಮಗ ಬೆಳೆದು ಪಾತಾಳದ ಬಾಗಿಲು ಕಾಯುವ ಕೆಲಸಕ್ಕೆ ಸೇರಿದ. ನಮ್ಮ ಕಡೆ ಮೈರಾವಣ ಎನ್ನುವ ರಾಕ್ಷಸ ರಾಮಲಕ್ಷ್ಮಣರನ್ನು ಕದ್ದು ಪಾತಾಳಕ್ಕೆ ಒಯ್ದಾಗ ಹನುಮ ಹುಡುಕುತ್ತ ಆ ಬಾಗಿಲಿಗೆ ಬಂದ. ಕಾವಲುಗಾರ ತಡೆದ. ಯಾರು ನೀನು ಎಂದು ಕೇಳಿದರೆ ಹನುಮನ ಮಗ ಎಂದ. ನಾನೇ ಹನುಮ, ನನಗೆ ಮದುವೆಯೇ ಆಗಿಲ್ಲ, ಮಗ ಎಲ್ಲಿಂದ ಬಂದ ಎಂದು ಇವನು ಸಿಟ್ಟಾದ. ಹುಡುಗ ಮೀನಿನ ಕತೆ ಹೇಳಿದ. ತಂದೆಯೆಂದು ತಿಳಿದ ಮೇಲೆ ಕಾಲಿಗೆ ಬಿದ್ದ, ಆದರೆ ಬಾಗಿಲು ಬಿಡಲಿಲ್ಲ. ಉಪ್ಪು ತಿಂದ ಒಡೆಯನಿಗೆ ಎರಡು ಬಗೆಯಲಾರೆ ಎಂದ. ಹೊಡೆದಾಟವಾಯಿತು. ಹನುಮ ಗೆದ್ದು ಮಗನ ಕೈಕಾಲು ಕಟ್ಟಿ ಬಾಗಿಲಲ್ಲೇ ಬಿಟ್ಟು ಒಳಗೆ ಹೋದ. ಒಳಗೆ ರಾಮನ ಪ್ರಾಣ ಹೋಗುವುದರಲ್ಲಿತ್ತು; ನಿಂತು ಮಗನ ಮುಖ ನೋಡಲು ಪುರುಸೊತ್ತಿರಲಿಲ್ಲ. ಮೈರಾವಣ ಸತ್ತ ಮೇಲೆ ರಾಮನೇ ಕೇಳಿದ, ಕಟ್ಟಿಹಾಕಿದ ಈ ಹುಡುಗ ಯಾರು ಎಂದು. ಆಮೇಲೆ ಕಟ್ಟು ಬಿಚ್ಚಿ ಅವನಿಗೆ ಪಾತಾಳದ ಪಟ್ಟ ಕಟ್ಟಲಾಯಿತು.

ಹನುಮಪ್ಪ, ಹನುಮೇಶ, ಹನುಮವ್ವ, ಮಾರುತಿ, ಆಂಜನೇಯ ಎಂಬ ಹೆಸರುಗಳಿಲ್ಲದ ಹಾಜರಿ ಪುಸ್ತಕ ಈ ಸೀಮೆಯ ಶಾಲೆಗಳಲ್ಲಿ ಸಿಗುವುದು ಕಷ್ಟ. ಮಗು ರಾತ್ರಿ ಬೆಚ್ಚಿದರೆ ತಾಯಂದಿರು ಹೋಗುವುದೂ ಈ ಬ್ರಹ್ಮಚಾರಿಯ ಗುಡಿಗೇ. ಅಂಥ ಮನೆಗಳಲ್ಲಿ ಎಷ್ಟೋ ಮನೆಗಳ ಗಂಡಸರು ಊರಲ್ಲಿಲ್ಲ. ಕಾಲುವೆ ನೀರು ಇರುವ ಕಾರಟಗಿಯಲ್ಲಿ ಕೂಲಿಗೆ ಬರವಿಲ್ಲದಿರಬಹುದು, ಆದರೆ ಲಾರಿಯ ಮೇಲಿರುವವರು ತಿಂಗಳಿಗೆ ನಾಲ್ಕು ರಾತ್ರಿ ಮನೆಯಲ್ಲಿ ಮಲಗಿದರೆ ಹೆಚ್ಚು. ಕುಷ್ಟಗಿ, ಯಲಬುರ್ಗಾ ಕಡೆಯ ಒಣಭೂಮಿಯವರು ಬೆಂಗಳೂರು, ಮಂಗಳೂರು, ಗೋವಾ ಎಂದು ಗುಳೆ ಹೋಗಿ ಕಟ್ಟಡದ ಕೆಲಸದಲ್ಲಿದ್ದಾರೆ. ಮಕ್ಕಳು ಅಜ್ಜಿಯ ಹತ್ತಿರ. ಗವಿಮಠದ ಜಾತ್ರೆಗೋ ಯುಗಾದಿಗೋ ಅಪ್ಪ ಊರಿಗೆ ಬರುತ್ತಾನೆ. ಕೈಯಲ್ಲಿ ಹೊಸ ಅಂಗಿ, ಬ್ಯಾಟು ಚೆಂಡು. ಮೂರು ವರ್ಷದ ಕೂಸು ಅಜ್ಜಿಯ ಸೆರಗಿನ ಹಿಂದೆ ನಿಂತು ಬಾಗಿಲಲ್ಲಿರುವವನನ್ನು ಹಣಿಕಿ ನೋಡುತ್ತದೆ.

"ಯಾರಬೇ ಇವ?"

"ನಿಮ್ಮಪ್ಪಲೇ. ಫೋನ್ಯಾಗ ಮಾತಾಡ್ತಿದ್ದಿಲ್ಲ, ಅವನ."

ಕೂಸು ಬ್ಯಾಟು ನೋಡುತ್ತದೆ, ಮುಖ ನೋಡುತ್ತದೆ. ಅಪ್ಪ ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟು, ಕರೆಯುವವರೆಗೆ ಕಾಯುವವನಂತೆ ಕಟ್ಟೆಯ ಮೇಲೆ ಕೂಡುತ್ತಾನೆ.